ಆಕರವಿಲ್ಲದ ಚೀಟಿ

ಬಸ್ಸಿನ ಮೆಟ್ಟಿಲ ಮೇಲೆ ಸಿರಿಲ್ ಒಂದು ಕಾಲಿಡುವಷ್ಟರಲ್ಲಿ ಗಾಡಿ ಹೊರಟೇಬಿಟ್ಟಿತ್ತು. ಕಂಡಕ್ಟರ್ ಹೆಂಗಸು ಅವನ ತೋಳು ಹಿಡಿದು ಒಳಕ್ಕೆಳೆದುಕೊಂಡು, 'ಜಸ್ಟ್ ಬಚಾವಾದ್ರಿ ನೋಡಿ, ಇನ್ನೊಂದು ಚೂರು ತಡ ಆಗಿದ್ರೆ ರಸ್ತೆ ಮೇಲೆ ಬಿದ್ದಿರ್ತಿದ್ರಿ' ಎಂದು ನಕ್ಕಳು. ಮೂರನೆಯ ಕಟ್ಟು, ಎಂದಿತು ಅವನ ತಲೆ. ಸ್ವಲ್ಪದರಲ್ಲಿ, ಕೂದಲೆಳೆಯಷ್ಟರಲ್ಲಿ, ಎಂಬ ಅರ್ಥ. ಹಾಗೆಂದುಕೊಂಡದ್ದೇ ತಡ ತನ್ನ ಮೇಲೆ ತನಗೇ ಅಸಹ್ಯವಾಗಿ ಕಿಟಕಿಯ ಕಡೆಗೆ ಮುಖ ತಿರುಗಿಸಿ ಕೂತ. ಆದರೆ ಕಿವಿಗೆ ಬಾಗಿಲಿಲ್ಲವಲ್ಲ. ಹಿಂದಿನ ಸೀಟಿನಲ್ಲಿ ಇಬ್ಬರು ಮುದುಕಿಯರು ಯಾರದೋ ಸೊಸೆಯನ್ನು ಹರಿದು ಮುಕ್ಕುತ್ತಿದ್ದರು. 'ಈಗ ಜಸ್ಟ್ ಎದ್ದೆ ಅಂತಾಳೆ, ಗಂಟೆ ಹತ್ತಾಗಿರುತ್ತೆ' ಎಂದಳು ಒಬ್ಬಳು, ಅದು ಒಂದನೆಯ ಕಟ್ಟು. 'ಜಸ್ಟ್ ಅದನ್ನೇ ನಾನೂ ಹೇಳ್ದೆ ಅವನಿಗೆ' ಎಂದಳು ಇನ್ನೊಬ್ಬಳು, ಎರಡನೆಯದು. ಜಸ್ಟ್ ಒಂದು ನೆಗಡಿಗೆ ಮೂರು ದಿನ ಹಾಸಿಗೆ, ನಾಲ್ಕನೆಯದು. ನನಗಂತೂ ಜಸ್ಟ್ ಸಾಕಾಗಿಹೋಗಿದೆ ಕಣೇ, ಏಳನೆಯದು. ಎಂಟು ತಿಂಗಳಿಂದ ಹೀಗೇ. ನಿಘಂಟು ಕಚೇರಿಯಲ್ಲಿ ಅವನ ಪಾಲಿಗೆ ಬಂದದ್ದು ಜಸ್ಟ್ ಎಂಬ ಈ ಒಂದು ಪದ, ಅರ್ಥಕ್ಕೊಂದರಂತೆ ಹನ್ನೊಂದು ಕಟ್ಟು ಚೀಟಿ. ಪಾದ್ರಿಯಿಂದ ಹಿಡಿದು ಮೀನಿನಂಗಡಿಯವನ ತನಕ ಎಲ್ಲರ ಬಾಯಲ್ಲೂ ದಿನಕ್ಕೆ ನೂರು ಸಲ ಬಂದುಹೋಗುವ, ಯಾರೂ ತಿರುಗಿ ನೋಡದ ಪುಟ್ಟ ಪದ. ದೊಡ್ಡ ಪದಗಳೇ ವಾಸಿ, ಅವು ಒಂದು ಕಡೆ ಕೂತು ಒಂದೇ ಮಾತಾಡುತ್ತವೆ. ಇದು ಎಲ್ಲಿ ಬೇಕಾದರೂ ನುಗ್ಗುತ್ತದೆ, ಕೇಳಿದರೆ ನಾನೇನೂ ಅಲ್ಲ ಎನ್ನುತ್ತದೆ.

ಹೆಂಡತಿ ಈನಿಡ್ ಸತ್ತು ಇವತ್ತಿಗೆ ಮೂರು ವಾರ ಎರಡು ದಿನ. ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಅವನ ಪದದ ಹನ್ನೊಂದೂ ಕಟ್ಟುಗಳು ವ್ಯಾನಿನಲ್ಲಿ ಮುದ್ರಣಾಲಯಕ್ಕೆ ಹೋಗುತ್ತವೆ. ಕೊನೆಯ ಕಟ್ಟಿನಲ್ಲಿ ಅವಳ ಕೈಬರಹದ ಒಂದು ಚೀಟಿ ಇದೆ. ಅದನ್ನು ಎರಡು ಗಂಟೆಯೊಳಗೆ ಹೇಗಾದರೂ ಮಾಡಿ ತೆಗೆಯಬೇಕು. ತೆಗೆದು ಏನು ಮಾಡಬೇಕೆಂಬುದು ಮಾತ್ರ ಅವನಿಗೆ ತಿಳಿದಿರಲಿಲ್ಲ. ಸುಡಬೇಕು ಎಂದು ಒಂದು ಸಲ ಅನ್ನಿಸುತ್ತಿತ್ತು, ಎದೆಗವಚಿಕೊಂಡು ಅಳಬೇಕು ಎಂದು ಇನ್ನೊಂದು ಸಲ ಅನ್ನಿಸುತ್ತಿತ್ತು. ಅತ್ತದ್ದಂತೂ ಇಲ್ಲ. ಗೋರಿಯ ಪಕ್ಕ ನಿಂತಾಗ ಪಾದ್ರಿ ಹೇಳಿದ ಮಾತಿನಲ್ಲೂ ಆ ಪದ ಬಂತು, ಆದರೆ ನ್ಯಾಯವಂತ ಎಂಬ ಅರ್ಥದ ವಿಶೇಷಣವಾಗಿ ಬಂತು. ಇದು ನನ್ನದಲ್ಲ, ಆ ವಿಶೇಷಣ ಕಚೇರಿಯ ಬಿಡಲ್‌ನ ಪಾಲಿನದು, ಎಂದುಕೊಂಡು ಅವನು ಒಂದು ಗಳಿಗೆ ನಿರಾಳನಾಗಿದ್ದ. ಹೆಂಡತಿಯ ಪೆಟ್ಟಿಗೆ ಮಣ್ಣಿಗಿಳಿಯುತ್ತಿರುವಾಗ. ಪಕ್ಕದಲ್ಲಿ ಅವಳ ಅಕ್ಕ ಮ್ಯೂರಿಯಲ್ ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಆ ಚೀಟಿ ಅಲ್ಲಿಗೆ ಹೋದದ್ದು ಹೀಗೆ. ದೇಶದ ಮೂಲೆಮೂಲೆಯಿಂದ ಓದುಗರು ಪುಸ್ತಕದಲ್ಲೋ ಪತ್ರಿಕೆಯಲ್ಲೋ ಕಂಡ ವಾಕ್ಯಗಳನ್ನು ಅಂಗೈಯಗಲದ ಚೀಟಿಗಳಲ್ಲಿ ಬರೆದು ಕಚೇರಿಗೆ ಕಳಿಸುತ್ತಾರೆ. ಕೆಳಗೆ ಆಕರ ಬರೆದಿರಬೇಕು, ಯಾರ ಮಾತು, ಎಲ್ಲಿ ಬಂದದ್ದು, ಯಾವತ್ತಿನದು. ಸಿರಿಲ್‌ನಂಥವರು ಅವನ್ನು ಅರ್ಥಕ್ಕೆ ತಕ್ಕಂತೆ ವಿಂಗಡಿಸಿ, ಮೇಲಿನ ಬಲಮೂಲೆಯಲ್ಲಿ ಅಂಕಿ ಹಾಕಿ, ದಾರ ಕಟ್ಟುತ್ತಾರೆ. ಮೂರು ಚೀಟಿ ಇಲ್ಲದ ಅರ್ಥ ಅರ್ಥವೇ ಅಲ್ಲ ಎಂಬುದು ಆ ಕಚೇರಿಯ ಕಾನೂನು. ಖಾಲಿ ಚೀಟಿಗಳನ್ನು ಸಿರಿಲ್ ಜೇಬಿನಲ್ಲಿ ತುಂಬಿಕೊಂಡು ಮನೆಗೆ ತರುತ್ತಿದ್ದ, ಈನಿಡ್ ಅವುಗಳ ಮೇಲೇ ಸಾಮಾನಿನ ಪಟ್ಟಿ ಬರೆಯುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಒಂದು ದಿನ ಅವಳು 'ಬೆಣ್ಣೆ, ಸೋಪು, ಮತ್ತೆ ನೀನು ಬೇಗ' ಎಂದು ಬರೆದಿಟ್ಟಿದ್ದಳು. ಅವನು ಮೂಲೆಯಲ್ಲಿ ಅಂಕಿ ಹಾಕಿ, ಆಕರದ ಸಾಲಿನಲ್ಲಿ ಅವಳ ಹೆಸರು ಬರೆದು, ಸಂಜೆ ಅವಳ ತಟ್ಟೆಯ ಕೆಳಗಿಟ್ಟಿದ್ದ. 'ಅಯ್ಯೋ, ನನ್ನನ್ನೂ ಪೆಟ್ಟಿಗೆಗೆ ಹಾಕ್ತೀಯೇನೋ' ಎಂದು ಅವಳು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದಳು. ಆಮೇಲೆ ಎಷ್ಟೋ ವರ್ಷ ಅದು ಅವರಿಬ್ಬರ ಆಟವಾಗಿತ್ತು. ಆಟ ಯಾವಾಗ ನಿಂತಿತೋ ಗೊತ್ತಿಲ್ಲ, ಚೀಟಿ ಉಳಿಯಿತು. ಯಾಕೆಂದರೆ ಬೆಳಗ್ಗೆ ಬಸ್ಸಿಗೆ ಹೊರಡುವ ತನಕ ಅವನನ್ನು ಯಾರೂ ಮಾತಾಡಿಸಕೂಡದು, ತಲೆಯಲ್ಲಿ ಕೂತದ್ದು ಚೆದುರುತ್ತದೆ. ಹೇಳುವುದಿದ್ದರೆ ಬರೆದಿಡಬೇಕು. ಹಾಗೆಂದು ಅವನೇ ಒಂದು ದಿನ ರೇಗಿ ಹೇಳಿದ್ದ. ಅವಳು ಎದುರು ಮಾತಾಡಿರಲಿಲ್ಲ. ಹಾಲಿನವನಿಗೆ ನಾಳೆ ಬೇಡ ಅಂದಿದ್ದೀನಿ, ಕಲ್ಲಿದ್ದಲು ಬಂತು, ನಿನ್ನ ಬೂದು ಕೋಟಿನ ಗುಂಡಿ ಹಾಕಿದೆ. ಎಲ್ಲವೂ ಸಕ್ಕರೆ ಬಟ್ಟಲಿನ ಕೆಳಗೆ.

ಆ ಮಂಗಳವಾರವೂ ಸಕ್ಕರೆ ಬಟ್ಟಲಿನ ಕೆಳಗೇ ಇತ್ತು. ಏಳೂ ಇಪ್ಪತ್ತೈದು. ಅವಳು ಯಾವಾಗಲೋ ಕೆಳಗಿಳಿದು ಬಂದು, ಅವನಿಗೆ ಟೀ ಮಾಡಿ, ಆರದಿರಲೆಂದು ಟೀಪಾತ್ರೆಗೆ ಉಣ್ಣೆಯ ಟೋಪಿ ಮುಚ್ಚಿ, ಮತ್ತೆ ಮೇಲೆ ಹೋಗಿ ಮಲಗಿದ್ದಳು. ಚೀಟಿಯಲ್ಲಿ ಎರಡೇ ಸಾಲು. ಎದೆ ಹಿಂಡಿದ ಹಾಗಾಗ್ತಿದೆ. ಹೋಗೋಕೆ ಮುಂಚೆ ಜಸ್ಟ್ ಒಂದು ನಿಮಿಷ ಮೇಲೆ ಬಂದು ಹೋಗ್ತೀಯಾ. ಅವನು ಓದಿದ. ಎರಡು ಸಾಲನ್ನೂ ಓದಿದ. ಓದಿದ ಕೂಡಲೇ ಅವನ ಮೈಯಲ್ಲಿ ಒಂದು ಸಂತೋಷ ಜುಮ್ಮೆಂದು ಹರಿಯಿತು, ಅದನ್ನು ಅವನು ಸಾಯುವ ತನಕ ಮರೆಯಲಾರ. ಹನ್ನೊಂದು! ಕೋರಿಕೆಯನ್ನು ಮೆತ್ತಗೆ ಮಾಡುವ ಜಸ್ಟ್. ನಾಲ್ಕು ತಿಂಗಳಿಂದ ಹುಡುಕುತ್ತಿದ್ದ, ಬರೀ ಎರಡು ಚೀಟಿ ಸಿಕ್ಕಿತ್ತು. ಜನ ಇದನ್ನು ಬಾಯಲ್ಲಿ ಆಡುತ್ತಾರೆ ಹೊರತು ಪುಸ್ತಕದಲ್ಲಿ ಬರೆಯುವುದಿಲ್ಲ. ಇಲ್ಲಿದೆ ಮೂರನೆಯದು, ಎಷ್ಟು ಸಹಜವಾಗಿ, ಎಷ್ಟು ಶುದ್ಧವಾಗಿ. ಜೇಬಿನಿಂದ ಪೆನ್ಸಿಲ್ ತೆಗೆದು ಮೂಲೆಯಲ್ಲಿ ಹನ್ನೊಂದು ಎಂದು ಬರೆದ. ಆಮೇಲೆ ಮೆಟ್ಟಿಲ ಕಡೆ ನೋಡಿದ, ನೋಡಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಗಡಿಯಾರವನ್ನೂ ನೋಡಿದ. ಅವಳಿಗೆ ಅಜೀರ್ಣ ಯಾವಾಗಲೂ ಇದ್ದದ್ದೇ, ರಾತ್ರಿ ಮೀನು ಬೇರೆ ತಿಂದಿದ್ದಳು. ಮೇಲೆ ಹೋದರೆ ಒಂದು ನಿಮಿಷ ಹತ್ತು ನಿಮಿಷವಾಗುತ್ತದೆ, ಏಳೂ ಐವತ್ತರ ಬಸ್ಸು ಹೋಗುತ್ತದೆ, ತಲೆಯಲ್ಲಿ ಕೂತದ್ದು ಚೆದುರುತ್ತದೆ. ಸಂಜೆ ಬಂದು ತೋರಿಸಿದರಾಯಿತು, ನಗುತ್ತಾಳೆ, ಎಂದುಕೊಂಡು ಚೀಟಿಯನ್ನು ಜೇಬಿಗಿಳಿಸಿ ಹೊರಟುಬಿಟ್ಟ. ಬಸ್ಸಿನಲ್ಲಿ ಸಿಳ್ಳೆ ಹಾಕಿದನೆಂದೂ ನೆನಪು.

ಎಂಟೂವರೆಯ ಸುಮಾರಿಗೆ ಜೀವ ಹೋಗಿರಬೇಕು ಎಂದರು ಡಾಕ್ಟರರು. 'ಬೆಳಗ್ಗೆ ಏನಾದ್ರೂ ಹೇಳಿದ್ರಾ ಅವರು? ನೋವು, ಸಂಕಟ, ಏನಾದ್ರೂ?' ಎಂದು ಕೇಳಿದಾಗ ಸಿರಿಲ್, 'ಏನೂ ಹೇಳ್ಲಿಲ್ಲ' ಎಂದ. ಹೇಳಲಿಲ್ಲ ನಿಜ. ಬರೆದಿದ್ದಳು. ಹೇಳುವುದಕ್ಕೂ ಬರೆಯುವುದಕ್ಕೂ ವ್ಯತ್ಯಾಸ ತಿಳಿದವನಲ್ಲವೇ ಅವನು, ಥೂ. 'ಪಾಪ, ಗೊತ್ತೇ ಆಗದ ಹಾಗೆ ಹೋದಳು' ಎಂದಳು ಮ್ಯೂರಿಯಲ್. ಆಮೇಲೆ ದಿನಕ್ಕೆ ನಾಲ್ಕು ಸಲ ಅದನ್ನೇ ಹೇಳುತ್ತಿದ್ದಳು, ಹೇಳಿ ಹೇಳಿ ಅದರ ಜೊತೆಗೆ ಇನ್ನೊಂದನ್ನು ಸೇರಿಸಿದಳು. ಮಂಗಳವಾರ ಬೆಳಗ್ಗೆ ಎಂಟಕ್ಕೆ ತಂಗಿಯ ಮನೆಗೆ ಬರುವುದು ಅವಳ ವಾಡಿಕೆ. ಸಿರಿಲ್ ಹೊರಟ ಹತ್ತು ನಿಮಿಷಕ್ಕೆ ಅವಳು ಬಂದು ಬಾಗಿಲು ತೆಗೆಯುತ್ತಿದ್ದಳು. ಅವತ್ತೊಂದು ದಿನ ಬಂದಿರಲಿಲ್ಲ. 'ಕೂದಲು ಸುರುಳಿ ಮಾಡಿಸ್ಕೊಳ್ತಾ ಕೂತಿದ್ದೆ ಸಿರಿಲ್, ತಲೆ ಮೇಲೆ ಆ ಬಿಸಿ ಡಬ್ಬ ಇಟ್ಕೊಂಡು ಪತ್ರಿಕೆ ಓದ್ತಾ. ನನ್ನ ತಂಗಿ ಸಾಯ್ತಿದ್ಲು, ನಾನು ಅಲ್ಲಿ ಕೂತಿದ್ದೆ.' ಅವತ್ತಿನಿಂದ ಅವಳು ತಲೆಗೆ ಸ್ಕಾರ್ಫ್ ಕಟ್ಟಿದವಳು ಬಿಚ್ಚಿರಲಿಲ್ಲ, ಊಟಕ್ಕೆ ಕೂತಾಗಲೂ ಬಿಚ್ಚುತ್ತಿರಲಿಲ್ಲ. ಒಂದು ಮಾತು ಹೇಳಿದ್ದರೆ ಅವಳ ತಲೆಯ ಮೇಲಿನ ಆ ಭಾರ ಇಳಿದು ತನ್ನ ತಲೆಗೆ ಬರುತ್ತಿತ್ತು. ಅದಕ್ಕೇ ಅವನು ಹೇಳಲಿಲ್ಲ. ಇವತ್ತು ತಂಗಿಯ ಬಟ್ಟೆಬರೆ ವಿಲೇವಾರಿ ಮಾಡಿ, ನಾಳೆ ಬೆಳಗ್ಗೆ ಅವಳು ಉತ್ತರದಲ್ಲಿರುವ ಮಗಳ ಮನೆಗೆ ಖಾಯಂ ಹೋಗುವವಳು. ಭಾರವನ್ನೂ ಹೊತ್ತುಕೊಂಡೇ ಹೋಗುತ್ತಾಳೆ.

ಕಚೇರಿಯಲ್ಲಿ ಬಿಡಲ್ ಕಿಟಕಿಯ ಪಕ್ಕ ಪೈಪಿಗೆ ಹೊಗೆಸೊಪ್ಪು ತುಂಬುತ್ತಿದ್ದ. 'ಬನ್ರೀ ಗಾರ್ಸೈಡ್, ಇವತ್ತು ನಿಮ್ಮ ಪದಕ್ಕೆ ಮದುವೆ, ಎರಡು ಗಂಟೆಗೆ ದಿಬ್ಬಣ' ಎಂದ. ಆಮೇಲೆ ಏನೋ ನೆನಪಾಗಿ ನಾಲಿಗೆ ಕಚ್ಚಿಕೊಂಡ. ಈನಿಡ್ ಸತ್ತ ವಾರ ಸಿರಿಲ್ ರಜೆಯಲ್ಲಿದ್ದಾಗ ಸಂಪಾದಕರ ಅಪ್ಪಣೆಯಂತೆ ಅವನ ಮೇಜನ್ನು ಒಪ್ಪ ಮಾಡಿ, ಹನ್ನೊಂದು ಕಟ್ಟು ಕಟ್ಟಿ, ತನಿಖೆಗೆ ನೆಲಮಾಳಿಗೆಗೆ ಕಳಿಸಿದವನು ಇವನೇ. ಉಪಕಾರವೆಂದೇ ಮಾಡಿದ್ದ. ಸಿರಿಲ್ ಮೇಜಿನ ಮೇಲೆ ಆ ಚೀಟಿಯನ್ನು ಒಂಟಿಯಾಗಿ, ಇಂಕಿನ ಬುಡ್ಡಿಗೆ ಒರಗಿಸಿಟ್ಟಿದ್ದ, ಸಂಜೆ ಮನೆಗೆ ಒಯ್ಯುವುದಕ್ಕೆಂದು. ಪಕ್ಕದ ಮನೆಯವರು ಫೋನ್ ಮಾಡಿದಾಗ ಟೋಪಿಯನ್ನೂ ಬಿಟ್ಟು ಓಡಿದ್ದ. 'ಹನ್ನೊಂದರಲ್ಲಿ ನೀವು ಎರಡೇ ಇಟ್ಟಿದ್ರಿ. ಮೂರನೇದು ಬುಡ್ಡಿ ಹತ್ರ ಇತ್ತು ನೋಡಿ, ಅದೃಷ್ಟ ನಿಮ್ದು. ನಾನೇ ಸೇರಿಸ್ದೆ' ಎಂದ ಬಿಡಲ್. ಇದನ್ನು ಅವನು ಹೇಳುತ್ತಿರುವುದು ಐದನೆಯ ಸಲವೋ ಆರನೆಯ ಸಲವೋ. ಅವನು ಓದಿರಲಿಲ್ಲ ಎಂಬುದು ಸ್ಪಷ್ಟವಿತ್ತು. ಮೂಲೆಯ ಅಂಕಿಯನ್ನಷ್ಟೇ ನೋಡಿದ್ದ. ನಮ್ಮ ಕಸುಬಿನವರು ಹಾಗೇ, ಎಂದುಕೊಂಡ ಸಿರಿಲ್. ಆಮೇಲೆ, ಅವನನ್ನು ಯಾಕೆ ಅನ್ನಲಿ, ಎಂದುಕೊಂಡ.

ನೆಲಮಾಳಿಗೆಗೆ ಇಳಿಯುವುದಕ್ಕೆ ಅವನಿಗೆ ಮೂರು ವಾರದಿಂದ ಧೈರ್ಯ ಬಂದಿರಲಿಲ್ಲ. ಅಲ್ಲಿ ಮಿಸ್ ಪ್ರಾಕ್ಟರ್ ಇರುತ್ತಿದ್ದಳು. ಮೂವತ್ತು ವರ್ಷದಿಂದ ಪ್ರತಿಯೊಂದು ಚೀಟಿಯ ಆಕರವನ್ನು ಗ್ರಂಥಾಲಯದ ಪುಸ್ತಕಕ್ಕೆ ಹಚ್ಚಿ ನೋಡುವುದು ಅವಳ ಕೆಲಸ. ಒಂದು ಅಲ್ಪವಿರಾಮ ತಪ್ಪಿದ್ದರೂ ಮೇಲಿನ ಮಹಡಿಗೆ ಬಂದು ಎಲ್ಲರೆದುರು ಓದಿ ಹೇಳುವವಳು. ಆಕರವಿಲ್ಲದ ಚೀಟಿಯನ್ನು ನಾಲ್ಕು ತುಂಡು ಮಾಡಿ ಮೇಲಿನ ಮಹಡಿಯ ಫೋನಿನ ಪಕ್ಕ ಇಡುತ್ತಿದ್ದಳು, ಹಿಂಬದಿಯಲ್ಲಿ ಬರೆದುಕೊಳ್ಳಲು ಆಗುತ್ತದೆಂದು. ರಜೆ ಮುಗಿಸಿ ಬಂದಾಗಿನಿಂದ ಸಿರಿಲ್ ಆ ಫೋನಿನ ಹತ್ತಿರ ಹೋದಾಗೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡು ತುಂಡುಗಳನ್ನು ತಿರುವಿಹಾಕುತ್ತಿದ್ದ. ಗಂಟೆ ಹನ್ನೊಂದು ಹೊಡೆಯಿತು. ಹನ್ನೊಂದೂವರೆ ಆಯಿತು. ಹೊಸ ಪದದ ಚೀಟಿಗಳನ್ನು ಸುಮ್ಮನೆ ಇಸ್ಪೀಟೆಲೆಯ ಹಾಗೆ ಕಲೆಸುತ್ತ ಕೂತ. ಹನ್ನೆರಡಕ್ಕೆ ಎದ್ದು, ಟೈ ಸರಿಮಾಡಿಕೊಂಡು, ಕಬ್ಬಿಣದ ಮೆಟ್ಟಿಲಿಳಿದ. ಇಳಿಯುತ್ತ ಎಣಿಸಿದ, ಹದಿನೆಂಟು. ಮನೆಯಲ್ಲಿರುವುದು ಹದಿಮೂರೇ.

'ಬಾಗಿಲು ಹಾಕ್ಕೊಳ್ಳಿ, ಗಾಳಿ ಬರುತ್ತೆ' ಎಂದಳು ಮಿಸ್ ಪ್ರಾಕ್ಟರ್ ತಲೆಯೆತ್ತದೆ. ಅವಳ ಮೇಜಿನ ಮೇಲೆ ಹನ್ನೊಂದು ಕಟ್ಟುಗಳೂ ಸಾಲಾಗಿದ್ದವು. ಹತ್ತಕ್ಕೆ ದಾರ ಕಟ್ಟಿ ಅರಗಿನ ಮುದ್ರೆಯಾಗಿತ್ತು. ಹನ್ನೊಂದನೆಯದು ಬಿಚ್ಚಿಯೇ ಇತ್ತು.

'ಒಂದು... ಒಂದು ಚೀಟಿ ನೋಡ್ಬೇಕಿತ್ತು' ಎಂದ ಸಿರಿಲ್. 'ಸ್ವಲ್ಪ ಅನುಮಾನ ಇದೆ.'

'ಯಾವುದು?'

ಅವನು ಬಿಚ್ಚಿದ ಕಟ್ಟಿನ ಕಡೆ ಕಣ್ಣು ಹಾಯಿಸಿದ. ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

'ಎರಡಕ್ಕೆ ಆಕರ ಇದೆ. ಒಂದಕ್ಕಿಲ್ಲ. ಮೂರು ವಾರದಿಂದ ಕಾಯ್ತಾ ಇದ್ದೀನಿ ಮಿಸ್ಟರ್ ಗಾರ್ಸೈಡ್, ನೀವೇ ಇಳಿದು ಬರ್ತೀರಿ ಅಂತ. ಇನ್ನೆರಡು ಗಂಟೆ ಬಿಟ್ಟಿದ್ರೆ ಏನ್ ಮಾಡ್ತಿದ್ನೋ ನನಗೇ ಗೊತ್ತಿಲ್ಲ.'

'ನಿಮಗೆ ಗೊತ್ತಾಯ್ತಾ?'

'ನನಗೆ ಕಿತ್ತಳೆ ಮಾರ್ಮಲೇಡ್ ಮಾಡೋದು ಬರೆದುಕೊಟ್ಟಿದ್ರು ನಿಮ್ಮ ಮನೆಯವರು, ಕ್ರಿಸ್‌ಮಸ್ ಟೀಗೆ ಬಂದಾಗ. ಆ ಬರಹ ಮರೆಯೋಕಾಗುತ್ತಾ, ಒಂದೊಂದು ಅಕ್ಷರನೂ ಕೈಕಟ್ಟಿ ನಿಂತ ಹಾಗಿರುತ್ತೆ.' ಅವಳು ಚೀಟಿಯನ್ನು ತೆಗೆದು ಮೇಜಿನ ತುದಿಯಲ್ಲಿಟ್ಟಳು, ಅವನ ಕೈಗೆ ಕೊಡಲಿಲ್ಲ. 'ಮೊದಲು ಅಂದ್ಕೊಂಡೆ, ಯಾವತ್ತೋ ಹಳೇದಿರ್ಬೇಕು ಅಂತ. ಹಿಂದೆ ನೋಡಿದ್ರೆ ಈ ವರ್ಷದ ಕಾಗದ, ಫೆಬ್ರವರಿ ಗುರುತು ಇದೆ. ಆಮೇಲೆ ಅಂದ್ಕೊಂಡೆ, ಮೇಲೆ ಹೋಗಿ ನೋಡ್ಕೊಂಡು ಬಂದಮೇಲೆ ನಂಬರ್ ಹಾಕಿರ್ತಾರೆ ಅಂತ. ಹಾಗೇ ಅಂದ್ಕೊಂಡಿದ್ದೀನಿ. ನೀವೇನೂ ಹೇಳ್ಬೇಡಿ.'

ಹೌದು, ಹಾಗೇ ಆಯಿತು ಎಂದು ಹೇಳಿಬಿಡಲು ಅವನು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಅವಳು ಕಪ್ಪು ಪೆನ್ನನ್ನು ಇಂಕಿಗದ್ದಿ ಅವನ ಕಡೆ ಚಾಚಿದಳು. ಆಕರ ಬರೆದುಕೊಟ್ಟರೆ ಚೀಟಿ ಕಟ್ಟಿನಲ್ಲಿರುತ್ತದೆ, ಖಾಸಗಿ ಪತ್ರ ಎಂದು ಬರೆದರೂ ನಡೆಯುತ್ತದೆ. ಇಲ್ಲವಾದರೆ ಎರಡೇ ಉಳಿದು ಹನ್ನೊಂದನೆಯ ಅರ್ಥ ಬಿದ್ದುಹೋಗುತ್ತದೆ. ಯಾರು, ಎಲ್ಲಿ, ಯಾವತ್ತು. ಈನಿಡ್ ಗಾರ್ಸೈಡ್, ಅಡಿಗೆಮನೆ, ಮಂಗಳವಾರ. ಹೀಗೆ ಬರೆದರೆ ಅವಳು ಆ ಮಹಾಗ್ರಂಥದಲ್ಲಿ, ಬಿಷಪ್ಪರ ಉಪದೇಶಕ್ಕೂ ಒಂದು ನಾಟಕದ ಸಾಲಿಗೂ ನಡುವೆ, ಶಾಶ್ವತವಾಗಿ ಎದೆ ಹಿಂಡಿಕೊಂಡು ಕಾಯುತ್ತಿರುತ್ತಾಳೆ. ದೇವರೇ, ಒಂದು ಗಳಿಗೆ ಅವನಿಗೆ ಆಸೆಯಾಯಿತು. ನಾಲ್ಕು ತಿಂಗಳು ಹುಡುಕಿದ ಅರ್ಥ. ಅವನ ಕೈ ಪೆನ್ನಿನ ಕಡೆ ಚಲಿಸಿತು ಕೂಡ. ಆಮೇಲೆ ಆ ಕೈಯನ್ನೇ ನೋಡಿ ಹಿಂದಕ್ಕೆಳೆದುಕೊಂಡ. ಚೀಟಿಯನ್ನು ಬಾಚಿ ತೆಗೆದುಕೊಂಡು ಬಾಗಿಲಿಗೆ ಬಂದ. ಹಿಂದೆ ಅವಳು ಹನ್ನೊಂದರ ಮೇಲೆ ಅಡ್ಡಗೆರೆ ಎಳೆಯುವ ಸದ್ದು ಕೇಳಿಸಿತು.

ಊಟದ ಹೊತ್ತಿಗೆ ಅವನು ಕಾಲುವೆಯ ಸೇತುವೆಯ ಮೇಲಿದ್ದ. ಕೆಳಗೆ ಒಂದು ಸರಕುದೋಣಿ ಅಲ್ಲಾಡದೆ ನಿಂತಿತ್ತು, ಅದರ ಮೇಲೆ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ಚೀಟಿಯನ್ನು ಬಿಟ್ಟರೆ ಆಯಿತು, ನೀರು ನೋಡಿಕೊಳ್ಳುತ್ತದೆ. ಕೈ ಚಾಚಿದ. ಬೆರಳು ಬಿಡಲಿಲ್ಲ. ಅವಳು ಕೊನೆಗೆ ಬರೆದದ್ದು. ಎದೆ ಎಂಬಲ್ಲಿ ಪೆನ್ಸಿಲ್ ಒತ್ತಿ ಕಾಗದ ತೂತಾಗಿದೆ, ಇದನ್ನು ಅವನು ಇವತ್ತೇ ನೋಡುತ್ತಿರುವುದು. ಎಷ್ಟು ನೋವಿದ್ದರೆ ಅಷ್ಟು ಒತ್ತಿರಬೇಕು. ಅಷ್ಟು ನೋವಿನಲ್ಲೂ ಟೀ ಮಾಡಿಟ್ಟಳು. ಕೂಗಬಹುದಿತ್ತಲ್ಲೇ ಈನಿಡ್, ಸಿರಿಲ್ ಎಂದು ಒಂದು ಸಲ ಕಿರುಚಬಹುದಿತ್ತಲ್ಲೇ, ಎಂದು ಅವಳ ಮೇಲೆ ಸಿಟ್ಟು ಬಂತು. ಕಿರುಚಕೂಡದೆಂದು ಕಲಿಸಿದವನು ತಾನೇ ಎಂಬುದು ನೆನಪಾಯಿತು. ಸರಿ, ಚೀಟಿ ಇರಲಿ, ಅಂಕಿ ಹೋಗಲಿ. ಅಂಕಿಯೊಂದು ಇಲ್ಲದಿದ್ದರೆ ಇದು ಸಂಜೆ ಸಿಕ್ಕಿದ್ದು ಎನ್ನಬಹುದು. ಕಣ್ಣಿಗೆ ಬೀಳಲಿಲ್ಲ, ಬಟ್ಟಲಿನ ಕೆಳಗಿತ್ತು, ಆಮೇಲೆ ನೋಡಿದೆ ಎನ್ನಬಹುದು. ಅವನು ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಮೂಲೆಯನ್ನು ಉಜ್ಜಿದ. ಕಚೇರಿಯ ಪೆನ್ಸಿಲ್ ಅದು, ಯಾರೂ ಅಂಕಿ ತಿದ್ದದಿರಲೆಂದು ಕೊಡುವಂಥದು, ಅಳಿಸಿದರೆ ಅಳಿಯದು. ಇಪ್ಪತ್ತು ವರ್ಷ ಅದನ್ನೇ ಹಿಡಿದವನಿಗೆ ಅದು ಮರೆತುಹೋಗಿತ್ತು. ಒದ್ದೆಯಾದದ್ದೇ ತಡ ಬೂದು ಅಂಕಿ ಕಡು ನೇರಳೆಯಾಗಿ ಅರಳಿಕೊಂಡಿತು. ಅವನು ಇನ್ನೂ ಎಂಜಲು ಹಚ್ಚಿದ, ಇನ್ನೂ ಉಜ್ಜಿದ. ಕೊನೆಗೆ ಆ ಮೂಲೆಯನ್ನು ಬಾಯಿಗಿಟ್ಟು ಚೀಪಿದ, ಸೇತುವೆಯ ಮೇಲೆ ಹೋಗಿಬರುವವರು ನೋಡುತ್ತಿದ್ದರೂ ಬಿಡಲಿಲ್ಲ. ತೆಗೆದು ನೋಡಿದರೆ ಹನ್ನೊಂದು ಮೊದಲಿಗಿಂತ ಎರಡರಷ್ಟು ದೊಡ್ಡದಾಗಿತ್ತು. ದೋಣಿಯ ಹೆಂಗಸು ಬಟ್ಟೆ ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದಳು.

ಮತ್ತೆ ಕಚೇರಿಗೆ ಹೋಗಲಿಲ್ಲ. ನಡೆದೇ ಮನೆಗೆ ಬಂದಾಗ ನಾಲ್ಕೂವರೆ. ಮ್ಯೂರಿಯಲ್ ಅಡಿಗೆಮನೆಯ ಮೇಜಿನ ಮೇಲೆ ಈನಿಡಳ ಬಟ್ಟೆಗಳನ್ನು ಹರಡಿಕೊಂಡು ಮಡಿಸುತ್ತಿದ್ದಳು. ಒಲೆಯ ಮೇಲೆ ಕೆಟಲ್ ಇತ್ತು.

'ಬಂದ್ಯಾ? ಮುಖ ನೋಡು, ತೊಳೆಯದ ಆಲೂಗಡ್ಡೆ ಹಾಗಿದೆ. ಮಧ್ಯಾಹ್ನ ತಿಂದಿಲ್ಲ ತಾನೆ? ಗೊತ್ತಿತ್ತು ನಂಗೆ.' ಹತ್ತಿರ ಬಂದು ಅವಳ ಕಣ್ಣು ಅಗಲವಾಯಿತು. 'ಏನೋ ಇದು, ತುಟಿಯೆಲ್ಲ ನೇರಳೆ? ಕೈ ನೋಡು!'

'ಪೆನ್ಸಿಲ್ಲು' ಎಂದ. 'ಕಚೇರಿದು.'

'ಐವತ್ತು ದಾಟಿದೆ, ಪೆನ್ಸಿಲ್ ಚೀಪ್ತಾನಂತೆ. ಕೊಡಿಲ್ಲಿ.' ಒದ್ದೆ ಬಟ್ಟೆ ತಂದು ಅವನ ಹೆಬ್ಬೆರಳನ್ನು ಹಿಡಿದು ಉಜ್ಜತೊಡಗಿದಳು. ಅವನು ಮಗುವಿನಂತೆ ನಿಂತುಕೊಂಡ. ಅವಳ ಸ್ಕಾರ್ಫಿನ ಗಂಟು ಅವನ ಗದ್ದದ ಹತ್ತಿರವೇ ಇತ್ತು. 'ಹೋಗಲ್ಲ ಇದು' ಎಂದಳು. 'ಅವಳಿದ್ದಿದ್ರೆ ಏನಾದ್ರೂ ಹಚ್ಚಿ ತೆಗೀತಿದ್ಲು, ಅವಳಿಗೆ ಇಂಥದ್ದೆಲ್ಲ ಗೊತ್ತಿತ್ತು. ಪಾಪ, ಗೊತ್ತೇ ಆಗದ ಹಾಗೆ ಹೋದಳು, ಅದೊಂದೇ ಸಮಾಧಾನ. ನಾನೊಬ್ಬಳು ಬಂದಿದ್ದಿದ್ರೆ, ಸಿರಿಲ್. ಮಗಳು ಹೇಳ್ತಾಳೆ, ಬಿಡಮ್ಮ, ನಿನ್ ತಪ್ಪೇನಿದೆ ಅಂತ. ಬಿಡು ಅಂದ್ರೆ ಬಿಡುತ್ತಾ? ರಾತ್ರಿಯೆಲ್ಲ ಆ ಬಿಸಿ ಡಬ್ಬ ತಲೆ ಮೇಲೆ ಕೂತಿರುತ್ತೆ.'

ಈಗ ಹೇಳು, ಎಂದುಕೊಂಡ. ಕುರ್ಚಿ ಎಳೆದು ಕೂತ. ಸಕ್ಕರೆ ಬಟ್ಟಲು ಅದೇ ಜಾಗದಲ್ಲಿತ್ತು.

'ಇದೆಲ್ಲ ಚರ್ಚಿಗೆ ಕೊಟ್ಟುಬಿಡ್ತೀನಿ' ಎಂದಳು ಮ್ಯೂರಿಯಲ್, ನೀಲಿ ಸ್ವೆಟರನ್ನು ಎದೆಗೆ ಒತ್ತಿ ಮಡಿಸುತ್ತ. 'ನನಗೇನೂ ಬೇಡ. ಒಂದೇ ಒಂದು ಕೇಳ್ತೀನಿ ಕೊಡ್ತೀಯಾ? ಅವಳು ಬರೆದಿದ್ದು ಏನಾದ್ರೂ ಇದ್ರೆ ಕೊಡೋ. ಒಂದೇ ಊರಲ್ಲಿದ್ವಲ್ಲ, ನನಗವಳು ಒಂದು ಕಾಗದನೂ ಬರೆದವಳಲ್ಲ. ಸಾಮಾನು ಚೀಟಿ ಆದ್ರೂ ಸಾಕು. ಜಸ್ಟ್ ಇಟ್ಕೊಳ್ಳೋಕೆ.'

ಅಡಿಗೆಮನೆಯ ಡ್ರಾಯರಿನಲ್ಲಿ ಅಂಥವು ನೂರು ಇದ್ದವು. ಬೆಣ್ಣೆ, ಸೋಪು, ಹಾಲಿನವನಿಗೆ ನಾಳೆ ಬೇಡ. ಯಾವುದಾದರೊಂದನ್ನು ತೆಗೆದುಕೊಟ್ಟರೆ ಅವಳು ಮುತ್ತಿಟ್ಟು ಪರ್ಸಿನಲ್ಲಿಟ್ಟುಕೊಳ್ಳುತ್ತಾಳೆ, ನಾಳೆ ಒಂಬತ್ತರ ರೈಲಿಗೆ ಹೋಗುತ್ತಾಳೆ, ಎಲ್ಲ ಮುಗಿಯುತ್ತದೆ. ಅವನು ಎದ್ದು ಡ್ರಾಯರಿನ ಹಿಡಿಗೆ ಕೈಹಾಕಿದ. ಎಳೆದ. ಮೇಲಿನ ಚೀಟಿಯಲ್ಲೇ ಇತ್ತು, ನಿನ್ನ ಬೂದು ಕೋಟಿನ ಗುಂಡಿ ಹಾಕಿದೆ. ಆ ಕೋಟನ್ನೇ ಅವನು ತೊಟ್ಟಿದ್ದ. ಡ್ರಾಯರನ್ನು ಹಾಗೇ ಬಿಟ್ಟು, ಕೋಟಿನ ಒಳಜೇಬಿಗೆ ಕೈಹಾಕಿ, ಆ ನೇರಳೆ ಕಲೆಯ ಚೀಟಿಯನ್ನು ತೆಗೆದು ಮೇಜಿನ ಮೇಲೆ ಅವಳ ಮುಂದಿಟ್ಟ.

ಮ್ಯೂರಿಯಲ್ ಕನ್ನಡಕವಿಲ್ಲದೆ ಅದನ್ನು ದೂರ ಹಿಡಿದುಕೊಂಡಳು. ಬರಹ ಕಂಡದ್ದೇ ಮೊದಲು ಅವಳ ಮುಖ ನಕ್ಕಿತು, 'ಅಯ್ಯೋ, ಅವಳ ಅಕ್ಷರ ನೋಡು' ಎಂದಳು. ಆಮೇಲೆ ತುಟಿಯಾಡಿಸುತ್ತ ಓದಿದಳು. ಓದಿ ಮತ್ತೆ ಮೊದಲಿಗೆ ಹೋದಳು.

'ಯಾವತ್ತಿಂದು ಇದು?'

'ಆ ಮಂಗಳವಾರದ್ದು.'

'ನಿನಗೆ ಸಿಕ್ಕಿದ್ದು ಸಂಜೆ ತಾನೆ? ಬಂದಮೇಲೆ?' ಅವಳ ದನಿಯಲ್ಲಿ ಬೇಡಿಕೆಯಿತ್ತು. ಹೌದೆನ್ನು, ಎಂದು ಅವಳೇ ಬಾಗಿಲು ತೆರೆದಿಟ್ಟಂತಿತ್ತು.

'ಬೆಳಗ್ಗೆ' ಎಂದ ಸಿರಿಲ್. 'ಬಸ್ಸಿಗೆ ಮುಂಚೆ.'

'ಓದ್ದ್ಯಾ?'

'ಓದ್ದೆ.'

'ಪೂರ್ತಿ?'

'ಪೂರ್ತಿ ಓದ್ದೆ ಮ್ಯೂರಿಯಲ್. ಮೇಲೆ ಹೋಗ್ಲಿಲ್ಲ.'

ಕೆಟಲ್ ಕೂಗುವುದಕ್ಕೆ ಶುರುವಾಯಿತು. ಇಬ್ಬರೂ ಅದನ್ನು ಇಳಿಸಲಿಲ್ಲ. ಅವಳು ಚೀಟಿಯನ್ನು ಇನ್ನೂ ಹಿಡಿದುಕೊಂಡಿದ್ದಳು, ಹೆಬ್ಬೆರಳು ಮೂಲೆಯ ಮೇಲೆ ಬಂದಿತ್ತು. ಅದನ್ನು ಸರಿಸಿ ನೋಡಿದಳು. ಅವನ ತುಟಿಯನ್ನು ನೋಡಿದಳು.

'ಇದೇನಿದು, ಹನ್ನೊಂದು? ಅವಳು ಬರೆದಿದ್ದಾ?'

'ನಾನು. ಓದಿದ ಮೇಲೆ.'

'ಹನ್ನೊಂದು ಅಂದ್ರೇನು?'

ಈ ಪ್ರಶ್ನೆಗೆ ಕೊಡಬೇಕಾದ ಉತ್ತರವನ್ನು ಅವನು ನಾಲ್ಕು ತಿಂಗಳು ತಿದ್ದಿ ತಿದ್ದಿ ಬರೆದಿದ್ದ. ಸಂಪಾದಕರು ಅದನ್ನು ಮೆಚ್ಚಿ ಎಲ್ಲರೆದುರು ಓದಿದ್ದರು.

'ಜಸ್ಟ್ ಅಂತ ಬರೆದಿದ್ದಾಳಲ್ಲ' ಎಂದ. 'ಆ ಥರದ್ದು. ಕೇಳೋರು... ತಾವು ಕೇಳ್ತಿರೋದು ತುಂಬ ಚಿಕ್ಕದು, ನಿಮಗೇನೂ ತೊಂದ್ರೆ ಆಗಲ್ಲ, ಅಂತ ತೋರಿಸ್ಕೊಳ್ಳೋಕೆ ಸೇರಿಸ್ತಾರೆ.'

ಮ್ಯೂರಿಯಲ್ ಕೈಯೆತ್ತಿ ಸ್ಕಾರ್ಫಿನ ಗಂಟು ಬಿಚ್ಚಿದಳು. ಅವನನ್ನು ಹೊಡೆಯುತ್ತಾಳೇನೋ ಎಂದು ಅವನು ಕಾದ, ಹೊಡೆದರೆ ಸಾಕು ಎಂದು ಕಾದ. ಅವಳು ಸ್ಕಾರ್ಫನ್ನು ತಂಗಿಯ ಬಟ್ಟೆಗಳ ಮೇಲೆ ಹಾಕಿ, ಮೆಟ್ಟಿಲ ಕಡೆ ನೋಡಿದಳು. ಮೂರು ವಾರದಿಂದ ಬಾಚದ ಅವಳ ನರೆಗೂದಲು ತಲೆಗೆ ಅಂಟಿಕೊಂಡಿತ್ತು.

'ಒಂದು ನಿಮಿಷ' ಎಂದಳು. 'ಒಂದೇ ನಿಮಿಷ ಕೇಳಿದ್ದಳಲ್ಲೋ ನಿನ್ನ.'

ಆಮೇಲೆ ಅವಳು ಚೀಟಿಯನ್ನು ಅವನ ಕಡೆಗೆ ತಳ್ಳಿ, ಒಲೆಯ ಹತ್ತಿರ ಹೋಗಿ ಕೆಟಲ್ ಇಳಿಸಿದಳು. ಒಂದು ಬಟ್ಟಲಿಗೆ ಮಾತ್ರ ಟೀ ಬಗ್ಗಿಸಿಕೊಂಡಳು.